ಎದಿ ಹೊಡಕೊಳ್ಳೋದು ನಿಲ್ಲಿಸೋ ಗುಳಿಗಿ

ನಮ್ಮ ಕಡೆ ಜಾತ್ರೆ ಅಂದಮೇಲೆ ನಾಟಕ ಇರಲೇಬೇಕು. ಮುಧೋಳದಿಂದ ಅರ್ಧ ತಾಸಿನ ದಾರಿಯ ನಮ್ಮೂರಲ್ಲೂ ಅಷ್ಟೇ. ಎರಡು ತಿಂಗಳ ತಾಲೀಮು, ಪಾತ್ರಕ್ಕೆ ಇಷ್ಟು ಅಂತ ಕೈಯಿಂದ ಹಾಕಿದ ದುಡ್ಡು, ಹೊರಗಿನಿಂದ ಕರೆಸಿದ ಪೇಟಿ ಮಾಸ್ತರರು, ಬಾಡಿಗೆ ಪರದೆ. ದಿನವಿಡೀ ಕಬ್ಬು ಕಡಿದು ಬಂದವರು ರಾತ್ರಿ ಗುಡಿಯ ಮುಂದೆ ನಿಂತು ಮಾತು ಒಪ್ಪಿಸುತ್ತಿದ್ದರು. ಪತ್ರಿಕೋದ್ಯಮ ಓದಿ ಬಂದ ನಾವು ಮೂವರಿಗೆ ಕರಪತ್ರ ಬರೆಯುವುದು, ಮೈಕಿನಲ್ಲಿ ಹೆಸರು ಕೂಗುವುದು, ಪರದೆಯ ಹಿಂದೆ ನಿಂತು ಮಾತು ಎತ್ತಿಕೊಡುವುದು ಇವು ತಾವಾಗಿಯೇ ಬಂದವು. ಆ ವರ್ಷ ಇನ್ನೊಂದು ಕೆಲಸವನ್ನೂ ನಾವೇ ಮೈಮೇಲೆ ಎಳೆದುಕೊಂಡೆವು.

ನಾಯಕನ ಪಾತ್ರ ನಮ್ಮ ಗೆಳೆಯನದು. ತಾಲೀಮಿನಲ್ಲಿ ಹುಲಿ. ಆದರೆ ಜಾತ್ರೆ ಹತ್ತಿರ ಬಂದಂತೆ ಅವನ ಕೈ ನಡುಗಲು ಶುರುವಾಯಿತು. 'ನಾಲ್ಕು ಮಂದಿ ಮುಂದ ನಿಂತರ ಎದಿ ಧಸಕ್ ಅಂತೈತೋ, ಮಾತ ಮರತ ಹೋಗ್ತಾವು' ಅಂದ. ಮಾಸ್ತರರು ಕಲ್ಲುಸಕ್ಕರೆ, ಲವಂಗ ಬಾಯಲ್ಲಿಟ್ಟುಕೋ ಅಂದರು. ಹಿರಿಯ ನಟರೊಬ್ಬರು ಎರಡು ಗುಟುಕು ಹಾಕಿಕೋ ಅಂದರು. ಅವರ ಔಷಧ ಮೊದಲಿನಿಂದ ಅದೇ.

ನಮ್ಮ ಹತ್ತಿರ ಇದ್ದದ್ದು ಬೇರೆ. ನಮ್ಮಲ್ಲೊಬ್ಬ ಬೆಂಗಳೂರಿಗೆ ವಾರ್ತೆ ಓದುವ ಕೆಲಸದ ಪರೀಕ್ಷೆಗೆ ಹೋಗಿದ್ದಾಗ, ಸಾಲಿನಲ್ಲಿ ಪಕ್ಕದಲ್ಲಿ ಕೂತವನು ಒಂದು ಗುಳಿಗೆ ಕೊಟ್ಟಿದ್ದ. ಹೆಸರು ಪ್ರೊಪ್ರನಲಾಲ್. ಕೈ ನಡುಕ ನಿಂತಿತ್ತು, ದನಿ ಅಲುಗಾಡಲಿಲ್ಲ. ಕೆಲಸ ಸಿಗಲಿಲ್ಲ, ಆ ಮಾತು ಬಿಡಿ. ಆದರೆ ಗುಳಿಗೆಯ ಮೇಲೆ ನಂಬಿಕೆ ಉಳಿಯಿತು. ಊರಿಗೆ ಬಂದಮೇಲೆ ಅಂಗಡಿಯಲ್ಲಿ ಹೆಸರು ಹೇಳಿದೆವು, ಚೀಟಿ ಕೇಳದೆ ಒಂದು ಪಟ್ಟಿ ಕೊಟ್ಟರು.

ಆಮೇಲೆ ಓದಿ ತಿಳಿದದ್ದನ್ನು ಇಲ್ಲಿ ಹೇಳುತ್ತೇವೆ, ಮೊದಲೇ ಓದಬೇಕಿತ್ತು. ಇದು ಅಂಜಿಕೆಯ ಗುಳಿಗೆಯೇ ಅಲ್ಲ. ಸ್ಕಾಟ್‌ಲೆಂಡಿನ ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ಎದೆನೋವಿನ ರೋಗಿಗಳಿಗಾಗಿ, ಹೃದಯದ ಓಟ ತಗ್ಗಿಸಲೆಂದು ಕಂಡುಹಿಡಿದದ್ದು. 1988ರಲ್ಲಿ ಅವರಿಗೆ ನೊಬೆಲ್ ಬಂತು. ಹೆದರಿದಾಗ ರಕ್ತಕ್ಕೆ ಇಳಿಯುವ ಅಡ್ರಿನಲಿನ್ ಹೃದಯದ ಬಾಗಿಲು ಬಡಿಯುತ್ತದೆ, ಈ ಗುಳಿಗೆ ಆ ಬಾಗಿಲಿಗೆ ಚಿಲಕ ಹಾಕುತ್ತದೆ. ಅದಕ್ಕೇ ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು ನಿಲ್ಲುತ್ತವೆ. ಪಿಟೀಲು ಬಾರಿಸುವವರು ಇದನ್ನು ನುಂಗುವುದುಂಟು. ಗುರಿ ಹೊಡೆಯುವ ಆಟಗಳಲ್ಲಿ ಮಾತ್ರ ನಿಷೇಧ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಪಿಸ್ತೂಲು ಸ್ಪರ್ಧಿ ಕಿಮ್ ಜಾಂಗ್ ಸು ಇದೇ ಪ್ರೊಪ್ರನಲಾಲ್‌ನಿಂದ ಸಿಕ್ಕಿಬಿದ್ದು, ಗೆದ್ದ ಬೆಳ್ಳಿ, ಕಂಚು ಎರಡನ್ನೂ ಕಳೆದುಕೊಂಡ.

ಬೆವರು ಮಾತ್ರ ಇದಕ್ಕೆ ಅಷ್ಟಾಗಿ ಬಗ್ಗುವುದಿಲ್ಲವಂತೆ, ಅದರ ದಾರಿಯೇ ಬೇರೆ. ನಮ್ಮ ಮುಧೋಳದ ರನ್ನನ ದುರ್ಯೋಧನ, ಭೀಮನ ಗರ್ಜನೆ ಕೇಳಿ ಕೊಳದ ನೀರಿನೊಳಗೇ ಬೆವೆತವನು. ಅವನಿಗೂ ಈ ಗುಳಿಗೆ ಉಪಯೋಗಕ್ಕೆ ಬರುತ್ತಿರಲಿಲ್ಲ. ಅದು ಸಿಟ್ಟಿನ ಬೆವರು, ಅಂಜಿಕೆಯದಲ್ಲ ಅಂತ ನಮ್ಮ ಕನ್ನಡ ಸರ್ ವಾದ ಮಾಡುತ್ತಿದ್ದರು. ಮೈಗೆ ಎರಡರ ವ್ಯತ್ಯಾಸ ಅಷ್ಟು ಗೊತ್ತಿರಲಿಕ್ಕಿಲ್ಲ.

ರಾತ್ರಿ ಹತ್ತೂವರೆಗೆ ಬಣ್ಣದ ಕೋಣೆಯಲ್ಲಿ ಅವನಿಗೆ ಗುಳಿಗೆ ಕೊಟ್ಟೆವು. 'ಏನೂ ಆಗಂಗಿಲ್ಲಲ್ಲ?' ಅಂದ. 'ನಾವ್ ತಗೊಂಡೇವಪಾ' ಅಂದೆವು. ಮೊದಲ ಅಂಕ ಬೆಂಕಿ. ಒಂದು ಮಾತನ್ನೂ ನಾವು ಎತ್ತಿಕೊಡಬೇಕಾಗಲಿಲ್ಲ. ಪರದೆಯ ಹಿಂದೆ ಒಬ್ಬರನ್ನೊಬ್ಬರು ನೋಡಿ ನಕ್ಕೆವು.

ಎರಡನೇ ಅಂಕದಲ್ಲಿ ಅಣ್ಣ ತಮ್ಮನನ್ನು ಮನೆಯಿಂದ ಹೊರಹಾಕುವ ಸೀನು. ಅವನು ಮಾತಿನ ನಡುವೆ ನಿಲ್ಲಿಸಿ ನಿಲ್ಲಿಸಿ ಉಸಿರೆಳೆಯತೊಡಗಿದ. ಎದೆ ಹಿಡಿದು ಕೂತ. ಮಂದಿ ಸಿಳ್ಳೆ ಹೊಡೆದರು. ದುಃಖದ ಪಾರ್ಟು, ಇಷ್ಟು ಚೆಂದ ಯಾರೂ ಮಾಡಿರಲಿಲ್ಲ. ಯಾರೋ ಐನೂರರ ಆಹೇರ ಅಂತ ಚೀಟಿ ಕಳಿಸಿದರು, ಅದನ್ನು ಮೈಕಿನಲ್ಲಿ ಕೂಗಿದವರೂ ನಾವೇ. ನೋಟು ಚುಚ್ಚಲು ರಂಗದ ಮೇಲೆ ಹತ್ತಿದ ಅವನ ಕಾಕಾ ಅಂಗಿಗೆ ಕೈ ಹಾಕಿದವರು ಹಾಗೇ ನಿಂತರು. 'ಏ, ಹುಡುಗನ ತುಟಿ ನೋಡ್ರೋ!' ಎಂದು ಕೂಗಿದರು.

ಅವನಿಗೆ ಸಣ್ಣಂದಿನಿಂದ ದಮ್ಮು. ಇದು ನಮಗೆ ಗೊತ್ತಿರಲಿಲ್ಲವೆಂದು ಹೇಳಲು ಬರುವುದಿಲ್ಲ. ಶಾಲೆಯಲ್ಲಿ ಅವನು ಓಟಕ್ಕೆ ಬರುತ್ತಿರಲಿಲ್ಲ, ಆಲೆಮನೆಯ ಹೊಗೆ ಎದ್ದ ದಿನ ಮೂಗಿಗೆ ಟವೆಲ್ ಕಟ್ಟಿಕೊಂಡು ತಿರುಗುತ್ತಿದ್ದ. ಕಿಸೆಯಲ್ಲಿ ಪಂಪ್ ಇರುತ್ತಿತ್ತು. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಅಂತ ಎರಡು ವರ್ಷ ಬಾಯಿಪಾಠ ಮಾಡಿದ ನಾವು ಅವನಿಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಪಂಪ್ ಹೊಡೆದರೂ ಉಸಿರು ತೆರೆಯಲಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳ ಸಾಲು ದಾಟುತ್ತ ಗಾಡಿಯಲ್ಲಿ ಮುಧೋಳಕ್ಕೆ ಒಯ್ದೆವು. ಎಂದೂ ಅರ್ಧ ತಾಸಿನ ದಾರಿ ಅಂದು ಮುಗಿಯಲೇ ಇಲ್ಲ. ದವಾಖಾನೆಯಲ್ಲಿ ಡಾಕ್ಟರು, 'ಏನರೆ ಗುಳಿಗಿ ತಗೊಂಡಾನೇನು?' ಅಂದರು. ನಾವು ಸುಮ್ಮನಿದ್ದೆವು. ಎಷ್ಟು ಹೊತ್ತು? ಒಂದು ನಿಮಿಷ ಇರಬಹುದು, ಎರಡು ಇರಬಹುದು. ಆಕ್ಸಿಜನ್ ಮುಖಕ್ಕೆ ಹಾಕಿಸಿಕೊಂಡವನು ನಮ್ಮನ್ನೇ ನೋಡುತ್ತಿದ್ದ. ಆಮೇಲೆ ಪಟ್ಟಿ ತೆಗೆದು ಕೊಟ್ಟೆವು.

ಅವರು ಬೈಯಲಿಲ್ಲ. ಔಷಧ ಬದಲಿಸಿದರು. ಬೆಳಗಿನ ಜಾವ ಅವನು ನೆಟ್ಟಗಾದ ಮೇಲೆ ಹೊರಗೆ ಕರೆದು ಬಿಡಿಸಿ ಹೇಳಿದರು. ಹೃದಯಕ್ಕಿರುವಂಥದೇ ಬಾಗಿಲು ಶ್ವಾಸನಾಳಕ್ಕೂ ಇದೆ. ಈ ಗುಳಿಗೆ ಅಲ್ಲಿಯೂ ಚಿಲಕ ಹಾಕುತ್ತದೆ. ಪಂಪಿನ ಔಷಧ ತೆರೆಯಬೇಕಾದದ್ದು ಅದೇ ಬಾಗಿಲನ್ನು, ಅದಕ್ಕೇ ಪಂಪ್ ಹೊಡೆದರೂ ಫಲವಿಲ್ಲ. 'ದಮ್ಮಿದ್ದವರಿಗೆ ನಾವ ಇದನ್ನ ಬರದ ಕೊಡಂಗಿಲ್ಲ, ನೀವ್ ಯಾರಪಾ ಕೊಡಾವ್ರು?' ಅಂದರು. ಇವತ್ತಿಗೂ ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲ.

ಊರಲ್ಲಿ ಹುಡುಗನಿಗೆ ದೃಷ್ಟಿ ತಾಗಿತು ಅಂತಾಯಿತು. ಅವನ ಅವ್ವ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ನಾವು ಅಲ್ಲೇ ಕಟ್ಟೆಯ ಮೇಲೆ ಕೂತು ಅವರು ಕೊಟ್ಟ ಚಹಾ ಕುಡಿದೆವು. ದೃಷ್ಟಿಯಲ್ಲ ಅಂತ ಹೇಳಲು ಬಾಯಿ ಬರಲಿಲ್ಲ. ಗುಳಿಗೆಯ ಮಾತು ಅವನೂ ಮನೆಯಲ್ಲಿ ಎತ್ತಲಿಲ್ಲ.

ಮರುವರ್ಷ ಅವನು ಮತ್ತೆ ಪಾತ್ರ ಮಾಡಿದ. ಸಣ್ಣ ಪಾತ್ರ, ಪೋಲೀಸನದು. ಕೈ ನಡುಗುತ್ತಿತ್ತು, ಲಾಠಿ ಹಿಡಿದಿದ್ದರಿಂದ ಅಷ್ಟಾಗಿ ಕಾಣಲಿಲ್ಲ. ಎರಡು ಮಾತು ಮರೆತ, ನಾವು ಎತ್ತಿಕೊಟ್ಟೆವು.

ಇದನ್ನು ಬರೆಯುವ ಮೊದಲು ಅವನನ್ನು ಕೇಳಿದೆವು. ಸ್ವಲ್ಪ ಹೊತ್ತು ಯೋಚಿಸಿ, 'ಬರೀರಿ, ನಮ್ಮವ್ವಗ ಓದಾಕ ಬರೂದಿಲ್ಲ' ಅಂದ.