ಎರಡು ನಿಮಿಷದ ಆಕಾಶಯಾನ

ದೂರ, ವೇಗ, ಕಾಲಗಳ ಲೆಕ್ಕವನ್ನು ಏಳನೆಯ ತರಗತಿಯವರಿಗೆ ಹೇಳಿಕೊಡುವಾಗ ನಾನು ಪಠ್ಯಪುಸ್ತಕದ ರೈಲುಗಾಡಿಗಳನ್ನು ಬದಿಗಿಟ್ಟು, ನಿಜವಾಗಿಯೂ ಇರುವ ಒಂದು ವಿಮಾನಮಾರ್ಗವನ್ನು ಕರಿಹಲಗೆಯ ಮೇಲೆ ಬರೆಯುವುದುಂಟು. ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ಎಂಬ ದ್ವೀಪಸಮೂಹವಿದೆ. ಅದರಲ್ಲಿ ವೆಸ್ಟ್ರೇ, ಪಾಪಾ ವೆಸ್ಟ್ರೇ ಎಂಬವು ನೆರೆಹೊರೆಯ ದ್ವೀಪಗಳು. ಇವೆರಡರ ವಿಮಾನನಿಲ್ದಾಣಗಳ ನಡುವಣ ದೂರ ಸುಮಾರು 2.7 ಕಿಲೋಮೀಟರು ಮಾತ್ರ. 1967ರಲ್ಲಿ ಲೋಗನ್‌ಏರ್ ಸಂಸ್ಥೆಯು ಆರಂಭಿಸಿದ ಈ ಹಾರಾಟವು ವೇಳಾಪಟ್ಟಿಯುಳ್ಳ ವಿಮಾನಯಾನಗಳಲ್ಲಿ ಲೋಕದಲ್ಲೇ ಅತ್ಯಂತ ಚಿಕ್ಕದೆಂದು ಪ್ರಸಿದ್ಧವಾಗಿದೆ.

ಗಂಟೆಗೆ 800 ಕಿಲೋಮೀಟರು ವೇಗದ ಜೆಟ್ ವಿಮಾನಕ್ಕೆ ಇಷ್ಟು ದೂರಕ್ಕೆ ಎಷ್ಟು ಹೊತ್ತು ಬೇಕು? ಮಕ್ಕಳು ಭಾಗಾಕಾರ ಮಾಡಿ 12 ಸೆಕೆಂಡು ಎನ್ನುತ್ತಾರೆ. ಲೆಕ್ಕ ಸರಿಯೇ. ಆದರೆ ಅಲ್ಲಿನ ವೇಳಾಪಟ್ಟಿಯಲ್ಲಿರುವುದು 2 ನಿಮಿಷ. "ಅದೇನು, ಎತ್ತಿನಗಾಡಿಯೇ?" ಎಂದು ಒಬ್ಬ ನಕ್ಕ. ಅಲ್ಲಿ ಓಡಾಡುವುದು ಎಂಟು ಮಂದಿ ಪ್ರಯಾಣಿಕರು ಹಿಡಿಸುವ, ಎರಡು ಎಂಜಿನುಗಳ ಐಲ್ಯಾಂಡರ್ ಎಂಬ ಪುಟ್ಟ ವಿಮಾನ. ನೆಲ ಬಿಟ್ಟು ಏರುವಷ್ಟರಲ್ಲಿಯೇ ಇಳಿಯುವ ಸಿದ್ಧತೆಯಾಗಬೇಕು. ಪೂರ್ಣ ವೇಗವನ್ನು ತಳೆಯಲು ಅದಕ್ಕೆ ಅವಕಾಶವೆಲ್ಲಿ? ಮೇಲಾಗಿ ಅದು ಗಾಳಿಯ ನಾಡು. ಅತಿ ಬೇಗ ಮುಗಿದ ಯಾನ 53 ಸೆಕೆಂಡಿನದು. ಎಂದರೆ ಸರಾಸರಿ ಗಂಟೆಗೆ 183 ಕಿಲೋಮೀಟರು.

ಇಷ್ಟು ಹತ್ತಿರಕ್ಕೆ ವಿಮಾನವೇಕೆ ಎಂಬ ಪ್ರಶ್ನೆ ಸಹಜ. ಪಾಪಾ ವೆಸ್ಟ್ರೇಯ ಜನಸಂಖ್ಯೆ ನೂರನ್ನೂ ಮುಟ್ಟುವುದಿಲ್ಲ. ದೋಣಿಯೂ ಉಂಟು, ಆದರೆ ನಡುವಿನದು ಒರಟು ಕಡಲು. ದಾಖಲೆಯ ಪ್ರಯಾಣ ಮಾಡಿದೆವೆಂಬ ಪ್ರಮಾಣಪತ್ರಕ್ಕಾಗಿ ಹೋಗುವ ಪ್ರವಾಸಿಗರು ಹಾಗಿರಲಿ. ವೈದ್ಯರೂ ಅಧ್ಯಾಪಕರೂ ಕೆಲಸಕ್ಕಾಗಿ ಈ ವಿಮಾನವನ್ನೇರುತ್ತಾರೆ.

ಇಷ್ಟು ಹೇಳುವಷ್ಟರಲ್ಲಿ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಮಾಸ್ಟ್ರೇ, ಗಾಳಿ ಜೋರಾಗಿ ಅಲ್ಲಿನ ಮಾಸ್ಟ್ರು ತಡವಾಗಿ ಬಂದರೆ ಅವರಿಗೆ ಬೈಯುವುದು ಯಾರು?" ಎಂದಳು. ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಪಯಸ್ವಿನಿಯ ಆಚೆ ದಡದಿಂದ ಒಬ್ಬ ಹುಡುಗ ಬರುತ್ತಿದ್ದ. ಶಾಲೆಯ ಜಗಲಿಯಲ್ಲಿ ನಿಂತು ಕೂಗಿದರೆ ಅವನ ಮನೆಗೆ ಕೇಳಿಸುವಷ್ಟು ಹತ್ತಿರ. ಆಟಿಯ ಒಂದು ದಿನ ಎರಡನೆಯ ಪಿರಿಯಡ್ ಮುಗಿಯುವಾಗ ಬಂದವನನ್ನು, "ಇಷ್ಟು ಹತ್ತಿರದವನಿಗೆ ಇಷ್ಟು ಹೊತ್ತೇ?" ಎಂದು ಮಧ್ಯಾಹ್ನದವರೆಗೆ ಹೊರಗೆ ನಿಲ್ಲಿಸಿದೆ. ಅವನು ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ನೆರೆ ಇಳಿಯುವುದನ್ನು ಕಾಯುತ್ತ ಅವನು ಬೆಳಗ್ಗೆ ಏಳರಿಂದ ಕಡವಿನಲ್ಲಿ ಕುಳಿತಿದ್ದನೆಂದು ಸಂಜೆ ದೋಣಿಯವನು ತಿಳಿಸಿದ. ಮರುದಿನ ಹುಡುಗನೊಡನೆ ಒಂದು ಮಾತನಾಡಬೇಕೆಂದಿದ್ದೆ. ಮಾಸ್ಟರಿಕೆಯ ಬಿಗುಮಾನ ಬಿಡಲಿಲ್ಲ.

ಈಗ ಅವನಿಗೂ ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಪೇಟೆಯಲ್ಲಿ ಕಂಡರೆ ಮುಂಡಿನ ಕಟ್ಟನ್ನು ಇಳಿಸಿ, ಇಂದಿಗೂ ಅವನೇ ಮೊದಲು ನಮಸ್ಕಾರ ಮಾಡುತ್ತಾನೆ.