ಒಂದೇ ಮಿಲಿಗ್ರೇ, ನೂರೆಂಟು ಲೆಕ್ಕ

ಚುಕ್ಕಿಗಳು

ಡಿಎನ್‌ಎ ತುಂಡಾದದ್ದನ್ನು ಕಣ್ಣಿನಿಂದಲೇ ಎಣಿಸಬಹುದು ಎಂಬುದು ನನಗೆ ಈಗಲೂ ಸೋಜಿಗ. ಎರಡೂ ಎಳೆ ಒಟ್ಟಿಗೆ ಕಡಿದ ಜಾಗದ ಸುತ್ತ ಎಚ್‌2ಎಎಕ್ಸ್ ಎಂಬ ಪ್ರೋಟೀನಿಗೆ ಕೆಲವೇ ನಿಮಿಷಗಳಲ್ಲಿ ಫಾಸ್ಫೇಟ್ ಅಂಟಿಕೊಳ್ಳುತ್ತದೆ. ಆ ಗುರುತನ್ನೇ ಹುಡುಕಿ ಹಿಡಿಯುವ ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಕಟ್ಟಿ ಕಳಿಸುತ್ತಾರೆ. ಆಮೇಲೆ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರೆ, ನೀಲಿ ಕೋಶಕೇಂದ್ರದೊಳಗೆ ಹಸಿರು ಚುಕ್ಕಿಗಳು. ಹೆಚ್ಚುಕಡಿಮೆ ಒಂದು ಚುಕ್ಕಿಗೆ ಒಂದು ಕಡಿತ.

ಲೆಕ್ಕ ಹೀಗಿದೆ. ಮೈಗಿಳಿದ ವಿಕಿರಣವನ್ನು ಅಳೆಯುವುದು ಗ್ರೇಯಲ್ಲಿ. ಒಂದು ಗ್ರೇ ಎಕ್ಸ್‌ರೇ ಬಿದ್ದರೆ ಪ್ರತಿ ಕೋಶದಲ್ಲೂ ಇಂಥ 30–40 ಕಡಿತ. ಅದರ ಸಾವಿರದಲ್ಲೊಂದು ಪಾಲು, ಅಂದರೆ ಒಂದು ಮಿಲಿಗ್ರೇ ಬಿದ್ದರೆ? ಸುಮಾರು 30 ಕೋಶಗಳಲ್ಲಿ ಒಂದಕ್ಕೆ ಒಂದು ಕಡಿತ. ಉಳಿದವುಗಳಿಗೆ ಈ ಬಗೆಯ ಏಟೇ ಇಲ್ಲ.

ಇಲ್ಲೇ ನನ್ನ ಗೊಂದಲ ಶುರು. ಡೋಸ್ ಇಳಿಸುತ್ತಾ ಹೋದಂತೆ ಏಟು ತಿನ್ನುವ ಕೋಶಗಳು ಕಡಿಮೆಯಾಗುತ್ತವೆ. ಏಟಿನ ಗಾತ್ರ ಮಾತ್ರ ಅಷ್ಟೇ ಇರುತ್ತದೆ. ‘ಕಡಿಮೆ ವಿಕಿರಣ’ ಎಂಬ ಮಾತು ಇಡೀ ದೇಹಕ್ಕೆ ಒಪ್ಪುತ್ತದೆ. ಎರಡೂ ಎಳೆ ಕಡಿಸಿಕೊಂಡ ಆ ಒಂದು ಕೋಶದ ಪಾಲಿಗೆ ಕಡಿಮೆ ಆದದ್ದೇನು?

ರಿಪೇರಿಗೆ ಬರಲೇ ಇಲ್ಲ

2003ರಲ್ಲಿ ಜರ್ಮನಿಯ ರಾಟ್‌ಕಾಮ್ ಮತ್ತು ಲೋಬ್ರಿಶ್ ಇದೇ ಚುಕ್ಕಿಗಳನ್ನು ಎಣಿಸುತ್ತಾ ಕೂತರು. ಹೆಚ್ಚು ಡೋಸ್ ಕೊಟ್ಟ ಕೋಶಗಳಲ್ಲಿ ಚುಕ್ಕಿಗಳು ಬೇಗ ಬೇಗ ಮಾಯವಾದವು, ರಿಪೇರಿ ಮುಗಿಯಿತು. ಒಂದು ಮಿಲಿಗ್ರೇ ಆಸುಪಾಸು ಕೊಟ್ಟ, ವಿಭಜನೆಗೊಳ್ಳದೆ ಸುಮ್ಮನಿದ್ದ ಕೋಶಗಳಲ್ಲಿ ಮಾತ್ರ ಚುಕ್ಕಿಗಳು ದಿನಗಟ್ಟಲೆ ಹಾಗೇ ಕೂತಿದ್ದವು. ದೊಡ್ಡ ಹಾನಿಗೆ ಓಡಿಬರುವ ರಿಪೇರಿ ವ್ಯವಸ್ಥೆ ಒಂಟಿ ಕಡಿತವನ್ನು ಕಂಡೂ ಕಾಣದಂತಿದೆ.

ಆದರೆ ಅದೇ ಕೋಶಗಳಿಗೆ ವಿಭಜನೆಗೆ ಅವಕಾಶ ಕೊಟ್ಟಾಗ ಚುಕ್ಕಿಗಳು ವಿಕಿರಣವೇ ಬೀಳದ ಕೋಶಗಳ ಮಟ್ಟಕ್ಕೆ ಇಳಿದವು. ಕೆಟ್ಟ ಕೋಶಗಳನ್ನು ಸರಿಪಡಿಸುವ ಗೋಜಿಗೆ ಹೋಗದೆ ದೇಹ ಸಾಯಲು ಬಿಡುತ್ತದೋ ಏನೋ ಎಂದು ಅವರು ಊಹಿಸಿದರು. ಆತುರದಲ್ಲಿ ತಪ್ಪಾಗಿ ಜೋಡಿಸಿದ ಡಿಎನ್‌ಎಗಿಂತ ಒಂದು ಕೋಶದ ಸಾವು ಅಗ್ಗ ಇರಬಹುದು. ಹಾಗಿದ್ದರೆ ‘ರಿಪೇರಿ ಆಗಲಿಲ್ಲ’ ಎಂಬುದು ಕೆಟ್ಟ ಸುದ್ದಿಯೋ, ಒಳ್ಳೆಯ ಸುದ್ದಿಯೋ?

1984 ಮತ್ತು 1992

ಎರಡು ಪ್ರಯೋಗಗಳನ್ನು ನನ್ನ ಟಿಪ್ಪಣಿ ಪುಸ್ತಕದ ಎದುರುಬದುರು ಪುಟದಲ್ಲಿ ಬರೆದಿಟ್ಟಿದ್ದೇನೆ.

ಎಡಪುಟ: 1984, ಸ್ಯಾನ್ ಫ್ರಾನ್ಸಿಸ್ಕೊ. ಒಲಿವಿಯೆರಿ, ಬಾಡಿಕೋಟ್, ವುಲ್ಫ್. ಮನುಷ್ಯರ ಬಿಳಿ ರಕ್ತಕಣಗಳನ್ನು ಮೊದಲು ಟ್ರಿಟಿಯಂ ಬೆರೆತ ಥೈಮಿಡಿನ್‌ನಲ್ಲಿ ಬೆಳೆಸಿ ಅತಿ ಸಣ್ಣ ಡೋಸ್ ಕೊಟ್ಟರು. ಬಳಿಕ 1.5 ಗ್ರೇ ಎಕ್ಸ್‌ರೇ ಹಾಯಿಸಿದರು. ಎರಡರ ಹಾನಿ ಕೂಡಿ ಹೆಚ್ಚಾಗಬೇಕಿತ್ತು. ನೋಡಿದರೆ ವರ್ಣತಂತುಗಳ ಮುರಿತ ಅಂದುಕೊಂಡದ್ದಕ್ಕಿಂತ ಕಡಿಮೆ! ಸಣ್ಣ ಡೋಸ್ ಕೋಶವನ್ನು ಎಚ್ಚರಿಸಿ, ರಿಪೇರಿ ಸಾಮಗ್ರಿ ಸಜ್ಜು ಮಾಡಿಸಿತ್ತು. ಆದರೆ ಈ ಸಜ್ಜಿಗೆ ಕೆಲವು ಗಂಟೆ ಬೇಕು, ಅದು ಬಹುಕಾಲ ಉಳಿಯುವುದಿಲ್ಲ, ಎಲ್ಲರ ರಕ್ತದಲ್ಲೂ ಕಾಣಿಸುವುದೂ ಇಲ್ಲ.

ಬಲಪುಟ: 1992, ಬಾಸ್ಟನ್. ನಾಗಸಾವಾ ಮತ್ತು ಲಿಟಲ್. ಹ್ಯಾಮ್‌ಸ್ಟರ್ ಕೋಶಗಳ ಮೇಲೆ ಆಲ್ಫಾ ಕಣಗಳನ್ನು ಎಷ್ಟು ವಿರಳವಾಗಿ ಬಿಟ್ಟರೆಂದರೆ, ನೂರರಲ್ಲಿ ಒಂದು ಕೋಶಕೇಂದ್ರಕ್ಕೂ ಕಣ ತಾಗಿರಲಿಲ್ಲ. ಆದರೂ ವರ್ಣತಂತುಗಳಲ್ಲಿ ಅದಲುಬದಲು ಕಂಡದ್ದು ನೂರರಲ್ಲಿ 30 ಕೋಶಗಳಲ್ಲಿ. ಕೇರಿಯಲ್ಲಿ ಒಂದು ಮನೆಗೆ ಕಲ್ಲು ಬಿದ್ದರೆ ಹತ್ತಾರು ಮನೆಯವರು ಲಬೋ ಲಬೋ ಎಂದು ಬಾಯಿ ಬಡಿದುಕೊಂಡ ಹಾಗೆ. ಏಟು ತಿಂದ ಕೋಶ ಅಕ್ಕಪಕ್ಕದವಕ್ಕೆ ರಾಸಾಯನಿಕ ಸಂದೇಶ ಕಳಿಸುತ್ತದೆ, ಏಟೇ ಬೀಳದ ಕೋಶವೂ ಕೆಡುತ್ತದೆ.

ಎಡಪುಟ ಓದಿದವರು ‘ಸ್ವಲ್ಪ ವಿಕಿರಣ ಒಳ್ಳೆಯದೇ’ ಎನ್ನುತ್ತಾರೆ. ಬಲಪುಟ ಓದಿದವರು ‘ಅಂದುಕೊಂಡದ್ದಕ್ಕಿಂತ ಕೆಟ್ಟದ್ದು’ ಎನ್ನುತ್ತಾರೆ. ಎರಡೂ ಪ್ರಯೋಗ ಸರಿ. ಬೇರೆ ಪ್ರಯೋಗಾಲಯಗಳಲ್ಲೂ ಇಂಥದ್ದೇ ಕಂಡಿದೆ. ವಿಕಿರಣದ ಬಗೆ ಬೇರೆ, ಕೋಶ ಬೇರೆ, ಎಣಿಸಿದ ವಸ್ತುವೂ ಬೇರೆ. ಗಾಜಿನ ತಟ್ಟೆಯಿಂದ ಮನುಷ್ಯನ ಆರೋಗ್ಯಕ್ಕೆ ನೇರವಾಗಿ ಜಿಗಿಯಬಾರದು ಎಂದು ಎರಡು ಪುಟಗಳ ನಡುವೆ ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದೇನೆ.

ಅಜ್ಜಿಯ ಪ್ರಶ್ನೆ

ಮಂಗಳೂರಿನ ಸ್ಕ್ಯಾನಿಂಗ್ ಸೆಂಟರೊಂದರಲ್ಲಿ ಕಿವಿಗೆ ಬಿದ್ದದ್ದು.

“ಮಗಾ, ಈ ಮಿಷಿನಿಂದ ಎಂತಾದ್ರೂ ಆಗ್ತದಾ?”

“ಎಂತದೂ ಆಗುದಿಲ್ಲ ಅಜ್ಜೀ. ಉಸಿರು ಹಿಡಿದು ಮಲಗಿದ್ರೆ ಸಾಕು.”

“ಎಂತದೂ ಆಗುದಿಲ್ಲಾಂತಾದ್ರೆ ನೀನ್ಯಾಕೆ ಹೊರಗೆ ಹೋಗುದು?”

ಹುಡುಗ ನಕ್ಕುಬಿಟ್ಟ. “ನಿಮಗೆ ಇವತ್ತು ಒಂದು ಸಲ ಅಜ್ಜೀ. ನನಗೆ ದಿನಾ ಇದೇ ಕೆಲಸ ಅಲ್ವಾ?”

ಇಬ್ಬರ ಮಾತೂ ಸರಿ. ನೆಲ, ಗಾಳಿ, ಆಕಾಶ, ಊಟ ಇವುಗಳಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಹೇಗೂ ಬರುತ್ತದೆ. (ಎಕ್ಸ್‌ರೇ, ಗಾಮಾ ಇಡೀ ದೇಹಕ್ಕೆ ಬಿದ್ದಾಗ ಮಿಲಿಗ್ರೇಯೂ ಮಿಲಿಸೀವರ್ಟೂ ಒಂದೇ ಎಂದಿಟ್ಟುಕೊಳ್ಳಬಹುದು.) ಪ್ರಾಯದವರೊಬ್ಬರ ಮೈಯೊಳಗಿನ ಪೊಟ್ಯಾಶಿಯಂನಲ್ಲೇ ಸೆಕೆಂಡಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಪರಮಾಣುಗಳು ಒಡೆಯುತ್ತಿರುತ್ತವೆ. ಎದೆಯ ಎಕ್ಸ್‌ರೇ ಒಂದರದ್ದು 0.1 ಮಿಲಿಸೀವರ್ಟ್ ಮೀರುವುದು ಕಡಿಮೆ. ಹೊಟ್ಟೆಯ ಸಿಟಿ ಸ್ಕ್ಯಾನ್ ಆದರೆ ಸುಮಾರು 10, ಅಂದರೆ ನಾಲ್ಕು ವರ್ಷದ ನಿಸರ್ಗದ ಪಾಲು ಒಂದೇ ಗಳಿಗೆಯಲ್ಲಿ.

ಅಜ್ಜಿಗಿಂತ ಮೊಮ್ಮಗನ ಲೆಕ್ಕ ಬೇರೆ. ಯುರೋಪಿನಲ್ಲಿ ಸಿಟಿ ಮಾಡಿಸಿಕೊಂಡ ಸುಮಾರು ಒಂಬತ್ತೂವರೆ ಲಕ್ಷ ಮಕ್ಕಳು ಮತ್ತು ಎಳೆಯರ ದಾಖಲೆ ಹಿಡಿದು ನಡೆಸಿದ ಅಧ್ಯಯನ 2023ರಲ್ಲಿ ಬಂತು. ಇವತ್ತಿನ ಸ್ಕ್ಯಾನ್ ಡೋಸಿನಲ್ಲಿ ಹತ್ತು ಸಾವಿರ ಮಕ್ಕಳಲ್ಲಿ ಒಬ್ಬಿಬ್ಬರಿಗೆ, ಮುಂದಿನ ಹನ್ನೆರಡು ವರ್ಷಗಳಲ್ಲಿ, ಆ ಕಾರಣದಿಂದ ರಕ್ತದ ಕ್ಯಾನ್ಸರ್ ಬರಬಹುದು ಎಂಬುದು ಅದರ ಅಂದಾಜು. ಕೂಡಲೇ ಬೇಕಾದ ಸ್ಕ್ಯಾನನ್ನು ತಡೆಯುವಷ್ಟು ದೊಡ್ಡ ಸಂಖ್ಯೆ ಅಲ್ಲ. ‘ಎಂತದೂ ಆಗುದಿಲ್ಲ’ ಎನ್ನುವಷ್ಟು ಸಣ್ಣದೂ ಅಲ್ಲ.

ಮರಳಿನ ಮೇಲೆ ಬದುಕು

ಕೇರಳದ ಕೊಲ್ಲಂ ಜಿಲ್ಲೆಯ ಕರುನಾಗಪ್ಪಳ್ಳಿ ತಾಲ್ಲೂಕು. ಚವರ, ನೀಂಡಕರ. ಕಡಲ ದಂಡೆಯ ಮರಳಿನಲ್ಲಿ ಮೊನಜೈಟ್, ಮೊನಜೈಟಿನಲ್ಲಿ ಥೋರಿಯಂ. ನಿಸರ್ಗದ ವಿಕಿರಣ ಕೆಲವು ಕಡೆ ಸಾಮಾನ್ಯ ನೆಲದ ಹತ್ತಾರು ಪಟ್ಟು. ಅಲ್ಲೇ ತಲೆಮಾರುಗಳಿಂದ ಮೀನು ಹಿಡಿದು, ತೆಂಗು ಬೆಳೆದು ಬದುಕಿದ್ದಾರೆ. (ನಮ್ಮ ಉಳ್ಳಾಲದ ಕಡಲ ದಂಡೆಯಲ್ಲೂ ಮೊನಜೈಟಿನ ತೇಪೆಯೊಂದಿದೆ, ಮಂಗಳೂರು ವಿಶ್ವವಿದ್ಯಾಲಯದವರು ಅಳೆದು 1993ರಲ್ಲಿ ಪ್ರಕಟಿಸಿದ್ದರು.)

2002: ಫೋರ್‌ಸ್ಟರ್ ಮತ್ತು ಜೊತೆಗಾರರು ಅಲ್ಲಿನ ಹಾಗೂ ಪಕ್ಕದ ಕಡಿಮೆ ವಿಕಿರಣದ ದ್ವೀಪಗಳ 248 ಕುಟುಂಬಗಳಲ್ಲಿ, ತಾಯಿಯಿಂದ ಮಕ್ಕಳಿಗೆ ಹರಿಯುವ ಮೈಟೊಕಾಂಡ್ರಿಯಾ ಡಿಎನ್‌ಎ ಓದಿದರು. ಹೆಚ್ಚು ವಿಕಿರಣದ ಕಡೆ ಹೊಸ ಬದಲಾವಣೆಗಳು ಸ್ಪಷ್ಟವಾಗಿ ಹೆಚ್ಚು. ಅದರಲ್ಲೂ ವಿಚಿತ್ರವೆಂದರೆ, ಅವು ಕಂಡದ್ದು ಮನುಷ್ಯರಲ್ಲಿ ಸಾವಿರಾರು ವರ್ಷಗಳಿಂದ ತಾವಾಗಿಯೇ ಬದಲಾಗುತ್ತಾ ಬಂದ ಸ್ಥಾನಗಳಲ್ಲೇ.

2009: ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದವರು ಅದೇ ತಾಲ್ಲೂಕಿನ 69,958 ಜನರನ್ನು 2005ರ ಕೊನೆಯವರೆಗೆ ಹಿಂಬಾಲಿಸಿ ಬರೆದ ವರದಿ. ನೆಲದ ವಿಕಿರಣ ಹೆಚ್ಚಿದ್ದಲ್ಲಿ ಕ್ಯಾನ್ಸರ್ ಹೆಚ್ಚಿದೆ ಎಂಬುದು ಕಾಣಲಿಲ್ಲ.

ಡಿಎನ್‌ಎಯಲ್ಲಿ ಬದಲಾವಣೆ ಹೆಚ್ಚು, ಕ್ಯಾನ್ಸರ್ ಹೆಚ್ಚಿಲ್ಲ. ಒಂದೇ ಮರಳಿನ ಮೇಲೆ ಎರಡು ಉತ್ತರ! ಹೋಲಿಸಿ ನೋಡಿದರೆ, ಅಣುಬಾಂಬಿನ ವಿಕಿರಣ ಕ್ಷಣದಲ್ಲಿ ಬೀಳುವಂಥದ್ದು. ಈ ಮರಳಿನದು ಜೀವಮಾನವಿಡೀ ತೊಟ್ಟುತೊಟ್ಟಾಗಿ ಬೀಳುವಂಥದ್ದು. ಕೋಶಕ್ಕೆ ಎರಡು ಏಟಿನ ನಡುವೆ ಪುರುಸೊತ್ತು ಸಿಗುತ್ತದೆ. ಕಾರಣ ಅದೇ ಇರಬಹುದು. ಅಥವಾ ಇನ್ನೊಂದಿರಬಹುದು, ಅದು ಮುಂದಿನ ಟಿಪ್ಪಣಿಯಲ್ಲಿ.

ಎರಡು ಸಂಖ್ಯೆ

ಫ್ರಾನ್ಸ್, ಬ್ರಿಟನ್, ಅಮೆರಿಕದ ಮೂರು ಲಕ್ಷಕ್ಕೂ ಹೆಚ್ಚು ಅಣು ಉದ್ಯಮದ ಕೆಲಸಗಾರರ ಅಧ್ಯಯನ 2023ರಲ್ಲಿ ಹೊಸದಾಗಿ ಬಂತು. ಅವರಿಗೂ ಬಿದ್ದದ್ದು ತೊಟ್ಟುತೊಟ್ಟಾಗಿಯೇ. ಒಂದು ಗ್ರೇಗೆ ಗಡ್ಡೆ ಕ್ಯಾನ್ಸರಿನ ಸಾವಿನ ಪ್ರಮಾಣ ಶೇ. 52 ಏರಿಕೆ. ಕರುನಾಗಪ್ಪಳ್ಳಿಯಲ್ಲಿ ಕ್ಯಾನ್ಸರ್ ಬರುವ ಪ್ರಮಾಣದ ಅಂದಾಜು ಒಂದು ಗ್ರೇಗೆ ಶೇ. 13 ಇಳಿಕೆ. ಇದನ್ನು ಹಿಡಿದುಕೊಂಡು ಎಷ್ಟು ಜಗಳ!

ಮುಖ್ಯ ಸಂಖ್ಯೆ ಬಿಟ್ಟು ಅದರ ಪಕ್ಕದ ಅನಿಶ್ಚಿತತೆಯ ವ್ಯಾಪ್ತಿಯನ್ನು ನೋಡಿದೆ. ಕೆಲಸಗಾರರದ್ದು 27ರಿಂದ 77. ಕರುನಾಗಪ್ಪಳ್ಳಿಯದ್ದು ಇಳಿಕೆ 58ರಿಂದ ಏರಿಕೆ 46. 27ರಿಂದ 46ರವರೆಗೆ ಎರಡೂ ಒಂದರ ಮೇಲೊಂದು ಕೂರುತ್ತವೆ. ಜಗಳವಾಡುತ್ತಿರುವುದು ಜನ, ಅಂಕಿಗಳ ನಡುವೆ ಅಷ್ಟು ಜಗಳವಿಲ್ಲ.

ಇಷ್ಟು ಅಗಲದ ವ್ಯಾಪ್ತಿ ಏಕೆ? ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ 2006ರ ವರದಿಯಲ್ಲಿ ಉತ್ತರವಿದೆ. ನೂರು ಜನಕ್ಕೆ ತಲಾ 100 ಮಿಲಿಸೀವರ್ಟ್ ಕೊಟ್ಟರೆ ಜೀವಮಾನದಲ್ಲಿ ಒಬ್ಬರಿಗೆ ಆ ಕಾರಣದಿಂದ ಕ್ಯಾನ್ಸರ್ ಬಂದೀತು. ಬೇರೆ ಕಾರಣಗಳಿಂದ ಬರುವುದು 42 ಜನಕ್ಕೆ. 42 ಜನರ ನಡುವೆ ಆ ಒಬ್ಬರನ್ನು ಹುಡುಕಬೇಕು, ಡೋಸ್ 10ಕ್ಕಿಳಿದರೆ ಸಾವಿರ ಜನರಲ್ಲಿ ಒಬ್ಬರನ್ನು. ಬೀಡಿ, ಆಹಾರ, ಸೋಂಕು ಇವುಗಳ ಸಣ್ಣ ಏರಿಳಿತವೇ ಆ ಒಬ್ಬರನ್ನು ಮುಚ್ಚಿಹಾಕಲು ಸಾಕು. ‘ಕಾಣಲಿಲ್ಲ’ ಎಂದರೆ ‘ಇಲ್ಲ’ ಎಂದಾಗುವುದಿಲ್ಲ. ಹಾಗೆಂದು ‘ಇದೆ, ಕಾಣುತ್ತಿಲ್ಲ ಅಷ್ಟೇ’ ಎಂದು ಮೇಜು ಕುಟ್ಟುವುದಕ್ಕೂ ಅದು ಪರವಾನಗಿ ಕೊಡುವುದಿಲ್ಲ.

ನೇರ ಗೆರೆ

ಅಮೆರಿಕದ ಆ ವರದಿ ಕಾಯ್ದುಕೊಂಡದ್ದು ನೇರ ಗೆರೆಯ ಲೆಕ್ಕ: ಡೋಸ್ ಅರ್ಧ ಆದರೆ ಅಪಾಯ ಅರ್ಧ, ಸೊನ್ನೆ ಡೋಸಿಗೆ ಮಾತ್ರ ಸೊನ್ನೆ ಅಪಾಯ. ಅದಕ್ಕೆ ಒಂದು ವರ್ಷ ಮೊದಲು, 2005ರಲ್ಲಿ, ಫ್ರಾನ್ಸಿನ ಅಕಾಡೆಮಿಗಳು ಕೋಶಗಳ ರಿಪೇರಿಯ ಸಾಕ್ಷ್ಯವನ್ನೇ ಮುಂದಿಟ್ಟು, ಸಣ್ಣ ಡೋಸಿಗೆ ಆ ಗೆರೆಯನ್ನು ಎಳೆಯುವುದು ಸರಿಯಲ್ಲ ಎಂದಿದ್ದವು. ಇಬ್ಬರ ಎದುರಿಗೂ ಇದ್ದ ಪ್ರಯೋಗಗಳು ಹೆಚ್ಚುಕಡಿಮೆ ಅವೇ.

ನನಗೆ ಹೊಳೆಯುವುದು ಇಷ್ಟು. ಸಾರ್ವಜನಿಕರಿಗೆ ವರ್ಷಕ್ಕೆ ನಿಸರ್ಗದ ಪಾಲಿನ ಮೇಲೆ 1 ಮಿಲಿಸೀವರ್ಟ್, ಕೆಲಸಗಾರರಿಗೆ ಸರಾಸರಿ 20 ಎಂಬ ಮಿತಿಗಳು ಜನರನ್ನು ಕಾಯುವುದಕ್ಕೆ ಮಾಡಿದ ಕಟ್ಟಳೆ. ಕಟ್ಟಳೆಗೆ ಸರಳ ಗೆರೆ ಬೇಕು. ಕೋಶ ಆ ಕಟ್ಟಳೆಯನ್ನು ಓದಿಕೊಂಡಿಲ್ಲ.

ಮಾರಾಟಗಾರರು

‘ಸ್ವಲ್ಪ ವಿಕಿರಣ ಒಳ್ಳೆಯದು’ ಎಂಬುದಕ್ಕೆ ಗಿರಾಕಿಗಳು ಎಂದೂ ಇದ್ದಾರೆ. 1920ರ ದಶಕದಲ್ಲಿ ಅಮೆರಿಕದಲ್ಲಿ ರೇಡಿಯಂ ಬೆರೆಸಿದ ನೀರು ‘ರೇಡಿಥೋರ್’ ಎಂಬ ಹೆಸರಿನಲ್ಲಿ ಶಕ್ತಿವರ್ಧಕವಾಗಿ ಮಾರಾಟವಾಗುತ್ತಿತ್ತು. ಅದನ್ನು ಬಾಟಲಿಗಟ್ಟಲೆ ಕುಡಿದ ಸಿರಿವಂತ ಎಬೆನ್ ಬೈಯರ್ಸ್ ದವಡೆಯ ಎಲುಬು ಕೊಳೆತು 1932ರಲ್ಲಿ ಸತ್ತ. 2021ರ ಡಿಸೆಂಬರಿನಲ್ಲಿ ನೆದರ್‌ಲ್ಯಾಂಡ್ಸಿನ ಪರಮಾಣು ಸುರಕ್ಷತಾ ಪ್ರಾಧಿಕಾರ, ‘5ಜಿಯಿಂದ ರಕ್ಷಣೆ’ ಎಂದು ಮಾರುತ್ತಿದ್ದ ಪದಕ, ಕೈಬಳೆಗಳೇ ವಿಕಿರಣ ಸೂಸುತ್ತಿವೆ, ಹಾಕಿಕೊಳ್ಳಬೇಡಿ ಎಂದು ಎಚ್ಚರಿಸಬೇಕಾಯಿತು. ಹೆದರಿಕೆಯನ್ನೂ ಭರವಸೆಯನ್ನೂ ಒಂದೇ ಅಂಗಡಿಯಲ್ಲಿ ಮಾರಬಹುದು.

ಸದ್ಯಕ್ಕೆ

ಬಗೆಹರಿಯದ್ದು ಬಹಳ. ಕೈಗೆ ಸಿಕ್ಕಿರುವುದು: ಕೋಶ ಕಡಿತಕ್ಕೆ ಕೊಡುವ ಉತ್ತರ ಒಂದಲ್ಲ, ಹಲವು. ರಿಪೇರಿ, ನಿರ್ಲಕ್ಷ್ಯ, ಸಾವು, ಎಚ್ಚರ, ನೆರೆಯವರಿಗೆ ದೂರು ಎಲ್ಲವೂ ಇವೆ. ಇವುಗಳಲ್ಲಿ ಯಾವುದೋ ಒಂದನ್ನು ಹೆಕ್ಕಿಕೊಂಡು ಆರೋಗ್ಯದ ಮಾತಾಡುವವರನ್ನು ನಾನು ನಂಬುವುದಿಲ್ಲ, ಅವರು ಹೆದರಿಸುವವರಾಗಲಿ, ಸಮಾಧಾನ ಹೇಳುವವರಾಗಲಿ. ಡಾಕ್ಟರು ಸಿಟಿ ಬರೆದರೆ ಕೇಳಬೇಕಾದದ್ದು ಎರಡು ಪ್ರಶ್ನೆ: ಇದರ ಫಲಿತಾಂಶದಿಂದ ಚಿಕಿತ್ಸೆ ಬದಲಾಗುತ್ತದೆಯೇ? ಅಲ್ಟ್ರಾಸೌಂಡಿನಲ್ಲೋ ಎಂಆರ್‌ಐನಲ್ಲೋ ಇದೇ ಸಂಗತಿ ತಿಳಿಯುತ್ತದೆಯೇ? ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಎಂದರೆ, ಹೋಗಿ ಮಲಗಿ ಉಸಿರು ಹಿಡಿಯುವುದೇ ಜಾಣತನ.