ಗೋಡೆಯ ಮೇಲೆ ಮೊದಲು ಬರೆದವರು

ಮನೆ ಕಟ್ಟುವವರ ಸಾಲಿನಲ್ಲಿ ಬಣ್ಣದವನಷ್ಟು ನತದೃಷ್ಟ ಇನ್ನೊಬ್ಬನಿಲ್ಲ. ಅವನು ಬರುವ ಹೊತ್ತಿಗೆ ಯಜಮಾನರ ದುಡ್ಡು ಮುಗಿದಿರುತ್ತದೆ, ತಾಳ್ಮೆ ಅದಕ್ಕೂ ಮೊದಲೇ ಮುಗಿದಿರುತ್ತದೆ. ಗೃಹಪ್ರವೇಶದ ಮುಹೂರ್ತ ಮಾತ್ರ ಅಲುಗಾಡದೆ ಕೂತಿರುತ್ತದೆ. ಗಾರೆಯವನು ಬಿಟ್ಟ ಉಬ್ಬು, ಬಡಗಿ ಬಿಟ್ಟ ಸಂದು, ಎಲೆಕ್ಟ್ರಿಷಿಯನ್ ಕೊರೆದು ಅರ್ಧಂಬರ್ಧ ಮುಚ್ಚಿದ ಕಾಲುವೆ, ಎಲ್ಲಕ್ಕೂ ಉತ್ತರ ಹೇಳಬೇಕಾದವನು ಅವನೇ. “ಅದೆಲ್ಲ ಪುಟ್ಟಿಯಲ್ಲಿ ಹೋಗುತ್ತೆ ಬಿಡಿ ಸಾರ್” ಎಂದು ಹಿಂದಿನವರೆಲ್ಲ ಅವನ ಪರವಾಗಿ ಮಾತು ಕೊಟ್ಟು ಹೋಗಿರುತ್ತಾರೆ.

ಬೆಂಗಳೂರಿನ ಹೊರವಲಯದ ನಮ್ಮ ಮನೆಗೆ ಬಂದ ಪೇಂಟ್ ಮೇಸ್ತ್ರಿ ಮೊದಲ ದಿನ ಡಬ್ಬವನ್ನೇ ತೆರೆಯಲಿಲ್ಲ. ಗೋಡೆಗೆ ಅಂಗೈ ಒತ್ತಿ ಒತ್ತಿ ನೋಡಿದ. ಪ್ಲಾಸ್ಟರಿಂಗ್ ಆದ ಮೇಲೆ ಕಡಿಮೆಯೆಂದರೂ 28 ದಿನ ಗೋಡೆಯನ್ನು ಅದರ ಪಾಡಿಗೆ ಬಿಡಬೇಕಂತೆ. ಒಳಗಿನ ನೀರು ಹೊರಬರುವಾಗ ಉಪ್ಪನ್ನೂ ಹೊತ್ತು ತರುತ್ತದೆ. ಆ ದಾರಿಗೆ ಬಣ್ಣ ಅಡ್ಡ ನಿಂತರೆ ಗುಳ್ಳೆ ಎಬ್ಬಿಸಿ ಕಿತ್ತು ಹಾಕುತ್ತದೆ. “ಇನ್ನೊಂದಿಷ್ಟು ದಿನ ಒಣಗಲಿ ಸಾರ್” ಎಂದು ಹೊರಟುಹೋದ. ಆ ಬಿಡುವಿನಲ್ಲಿ ನಾನು ಗೋಡೆಗಳನ್ನು ಓದುತ್ತ ಓಡಾಡಿದೆ.

ಓದುವುದಕ್ಕೆ ಬೇಕಾದಷ್ಟಿತ್ತು. ಕಿಟಕಿಯ ಪಕ್ಕದಲ್ಲಿ ಬಡಗಿಯ ಪೆನ್ಸಿಲ್ ಲೆಕ್ಕ: ಉದ್ದ, ಅಗಲ, ಒಂದು ಕೂಡಿಕೆ, ಕೂಡಿಕೆ ತಪ್ಪಿದ್ದರಿಂದ ಮೇಲೊಂದು ಗೀಟು. ಅಡುಗೆಮನೆಯಲ್ಲಿ ಮರಳು ಲಾರಿಯವನ ಫೋನ್ ನಂಬರು. ಮೆಟ್ಟಿಲ ಬಳಿ ಸಿಮೆಂಟ್ ಮೂಟೆಗಳ ಎಣಿಕೆ, ನಾಲ್ಕು ನೆಟ್ಟಗಿನ ಗೀಟಿಗೆ ಒಂದು ಅಡ್ಡಗೀಟು. ಮಲಗುವ ಕೋಣೆಯ ಕೆಳಭಾಗದಲ್ಲಿ ಇಟ್ಟಿಗೆ ಚೂರಿನಿಂದ ಬಿಡಿಸಿದ ಒಂದು ಕೋಳಿ, ಒಂದು ಬಸ್ಸು. ಬಸ್ಸಿಗಿಂತ ಕೋಳಿ ದೊಡ್ಡದು. ಅದು ವಾಚ್‌ಮನ್ ಮಗಳ ಕೆಲಸ.

ಯಾದಗಿರಿ ಕಡೆಯ ಆ ಸಂಸಾರ ಮನೆಗೆ ಸೂರು ಬಿದ್ದಂದಿನಿಂದ ಒಳಗೇ ಇತ್ತು. ಹಾಲ್‌ನ ಮೂಲೆಯಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದ್ದರು. “ಮಳಿಗಾಲ ಪೂರಾ ಇಲ್ಲೇ ಕಳದೀವ್ರಿ ಅಣ್ಣಾರ. ಛಲೋ ಮನಿ ಅದರಿ, ಎಲ್ಲೂ ಸೋರಂಗಿಲ್ಲ” ಎಂದಿದ್ದಳು ಆ ಹೆಣ್ಣುಮಗಳು. ಎಂಜಿನಿಯರ್ ಕೊಟ್ಟ ಯಾವ ಭರವಸೆಗಿಂತಲೂ ನನಗೆ ಈ ಸರ್ಟಿಫಿಕೇಟಿನ ಮೇಲೆ ನಂಬಿಕೆ ಹೆಚ್ಚು. ನಾವು ಶಾಸ್ತ್ರಕ್ಕೆ ಒಂದು ದಿನ ಹಾಲುಕ್ಕಿಸಿ ಒಳಗೆ ಬರುವ ಮನೆಯಲ್ಲಿ ಆಕೆ ದಿನಾ ಬೆಳಿಗ್ಗೆ ಚಹಾಕ್ಕೆ ಹಾಲು ಕಾಯಿಸಿಯಾಗಿತ್ತು. ‘ಹೊಸ ಮನೆ’ ಎನ್ನುವುದು ನಮ್ಮ ಮಟ್ಟಿಗಷ್ಟೇ ನಿಜ.

ಮೇಸ್ತ್ರಿ ಹುಡುಗರೊಂದಿಗೆ ವಾಪಸು ಬಂದ. ಪುಟ್ಟಿ ಕಲಸಿ, ತಗಡಿನಿಂದ ಎಳೆದು, ಎರಡು ಕೈ ಬಳಿದು, ಒಣಗಿದ ಮೇಲೆ ಉಪ್ಪುಕಾಗದ ಹಾಕಿ ಉಜ್ಜಿದರು. ಸಂಜೆಯ ಹೊತ್ತಿಗೆ ಹುಡುಗರ ರೆಪ್ಪೆಯೂ ಬೆಳ್ಳಗಾಗಿರುತ್ತಿತ್ತು. ಕತ್ತಲಾದ ಮೇಲೆ ಮೇಸ್ತ್ರಿ ಗೋಡೆಗೆ ಅಂಟಿಸಿದಂತೆ ಒಂದು ಬಲ್ಬು ಹಿಡಿಯುತ್ತಿದ್ದ. ಎದುರಿನಿಂದ ಬಿದ್ದ ಬೆಳಕು ಕ್ಷಮಿಸುವುದನ್ನು ಪಕ್ಕದಿಂದ ಬಿದ್ದ ಬೆಳಕು ಕ್ಷಮಿಸುವುದಿಲ್ಲ. ಹಗಲು ನುಣುಪಾಗಿದ್ದ ಗೋಡೆಯಲ್ಲಿ ಹಳ್ಳದಿಣ್ಣೆಗಳೆಲ್ಲ ನೆರಳು ಚೆಲ್ಲಿ ಎದ್ದು ನಿಲ್ಲುತ್ತಿದ್ದವು. ಕೋಳಿ, ಬಸ್ಸು, ಲಾರಿಯವನ ನಂಬರು ಎಲ್ಲ ಒಂದೊಂದಾಗಿ ಮುಚ್ಚಿಹೋದವು.

ನಮ್ಮ ಹಳ್ಳಿಯ ಮನೆಯಲ್ಲಿ ಬಣ್ಣವೆಂದರೆ ಸುಣ್ಣ. ಹಬ್ಬ ಬಂತೆಂದರೆ ಸುಣ್ಣ ನೆನೆಹಾಕಿ, ಚಿಟಿಕೆ ನೀಲಿ ಬೆರೆಸಿ, ಮನೆಮಂದಿಯೇ ಬಳಿಯುತ್ತಿದ್ದರು. ಬಳಿದ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಹಾಗಾಗಿ ಅಲ್ಲಿ ಹಿಂದಿನ ವರ್ಷದ ಮೇಲೆ ಈ ವರ್ಷ ಕೂರುತ್ತಿತ್ತು. ಮೂಲೆಯಲ್ಲಿ ಚಕ್ಕೆ ಎದ್ದರೆ ಅಜ್ಜನ ಕಾಲದ ಪದರದವರೆಗೂ ಕಾಣುತ್ತಿತ್ತು. ಬಣ್ಣ ಆರಿಸುವ ತಲೆನೋವಂತೂ ಇರಲಿಲ್ಲ.

ಇಲ್ಲಿ ಇತ್ತು. ಶೇಡ್ ಕಾರ್ಡಿನ ಸಾವಿರಾರು ಚೌಕಗಳಲ್ಲಿ ನನ್ನಾಕೆ ತಿಳಿ ಕೆನೆಬಣ್ಣವೊಂದನ್ನು ಆರಿಸಿದಳು. ಅಂಗಡಿಯ ಮೆಷಿನ್ನು ಬಿಳಿ ಬೇಸ್‌ಗೆ ತೊಟ್ಟು ತೊಟ್ಟು ಬಣ್ಣ ಬಿಟ್ಟು, ಡಬ್ಬವನ್ನು ಗಡಗಡ ಅಲುಗಿಸಿ ಕೊಟ್ಟಿತು. ಮೇಸ್ತ್ರಿ ಮಾತ್ರ, “ಕಾರ್ಡಲ್ಲಿ ಇಷ್ಟವಾಗಿದ್ದಕ್ಕಿಂತ ಒಂದು ಶೇಡ್ ಕಮ್ಮಿ ತಗೊಳ್ಳಿ ಮೇಡಂ” ಎಂದ. ನಾಲ್ಕು ಗೋಡೆಗಳು ಒಂದರ ಬಣ್ಣವನ್ನು ಇನ್ನೊಂದರ ಮೇಲೆ ಎಸೆಯುವುದರಿಂದ ಕೋಣೆಯಲ್ಲಿ ಅದೇ ಬಣ್ಣ ಗಾಢವಾಗಿ ಕಾಣುತ್ತದೆ ಎಂಬುದು ಅವನಿಗೆ ಯಾವ ಪುಸ್ತಕವೂ ಇಲ್ಲದೆ ಗೊತ್ತಿತ್ತು.

ಹಾಲ್‌ಗೆ ಪ್ರೈಮರ್ ಹೊಡೆದು, ಎಮಲ್ಷನ್‌ನ ಮೊದಲ ಕೋಟ್ ಒಣಗಿದ ಮೇಲೆ ಮೂಲೆಯಲ್ಲಿ ಕಂದು ಛಾಯೆಯೊಂದು ಮೂಡಿತು. ಮತ್ತೊಂದು ಕೈ ಬಳಿದರು. ಮತ್ತೆ ಬಂತು. “ಒಲೆ ಮಸಿ ಸಾರ್. ನೀರಿನ ಪೇಂಟಿಗೆ ಬಗ್ಗಲ್ಲ, ಮೇಲಕ್ಕೆ ಬರ್ತಾನೇ ಇರುತ್ತೆ” ಎಂದ ಮೇಸ್ತ್ರಿ. ನನಗೆ ನಾಲ್ವಡಿ ಕೃಷ್ಣರಾಜ ಒಡೆಯರ್ 1937ರಲ್ಲಿ ಮೈಸೂರಿನಲ್ಲಿ ಆರಂಭಿಸಿದ ಅರಗು ಮತ್ತು ಬಣ್ಣದ ಕಾರ್ಖಾನೆ ನೆನಪಾಯಿತು. ಗುರುತುಗಳನ್ನು ಮುಚ್ಚುವ ಬಣ್ಣ ಮಾಡುತ್ತಿದ್ದ ಆ ಕಾರ್ಖಾನೆಗೆ ದೇಶಾದ್ಯಂತ ಹೆಸರು ಬಂದದ್ದು 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುತ್ತಿರುವ ಅಳಿಸಲಾಗದ ಶಾಯಿಯಿಂದ. ಇಲ್ಲಿ ವಾಸವಿದ್ದೆವೆಂದು ನಮ್ಮ ಗೋಡೆಗೆ ಯಾರೋ ಅಂಥದೇ ಶಾಯಿ ಹಚ್ಚಿ ಹೋದಂತಿತ್ತು. ಕಡೆಗೆ ಆಯಿಲ್ ಪ್ರೈಮರ್ ಹಾಕಿ ಅದನ್ನು ಅಡಗಿಸಬೇಕಾಯಿತು.

“ಫೈನಲ್ ಕೋಟು ಗೃಹಪ್ರವೇಶ ಆದ್ಮೇಲೆ ಹೊಡೆಯಣ ಸಾರ್” ಎಂದು ಮೇಸ್ತ್ರಿ ಬ್ರಶ್ ತೊಳೆದಿಟ್ಟ. ಅವನ ಅನುಭವ ದೊಡ್ಡದು. ಹೋಮಕ್ಕೆ ತುಪ್ಪ, ಸಮಿತ್ತು ಧಾರಾಳವಾಗಿ ಬಿದ್ದವು; ಹೊಗೆಗೆ ನೆಂಟರೆಲ್ಲ ಕಣ್ಣೊರೆಸಿಕೊಂಡು, ಕುಂಕುಮದ ಕೈಯನ್ನು ಗೋಡೆಗೆ ಊರಿ ನಡೆದಾಡಿದರು. ಕಪ್ಪಿಟ್ಟ ಸೂರನ್ನು ನೋಡಿ, ಹೊಗೆ ಮನೆಯೆಲ್ಲ ತುಂಬಿದ್ದು ಶುಭವೆಂದರು ಹಿರಿಯರು. ಮೂಲೆಯ ಮಸಿಗೆ ಯಾರೂ ಆ ಮಾತು ಹೇಳಿರಲಿಲ್ಲ.

ಮಾರನೆಯ ದಿನ ಮೇಸ್ತ್ರಿ ಏಣಿ ಹತ್ತಿ ಸೂರನ್ನು ಬೆರಳಲ್ಲಿ ಉಜ್ಜಿ ನೋಡಿದ. “ಇದಕ್ಕೂ ಆಯಿಲ್ ಪ್ರೈಮರ್ರೇ ಸಾರ್.” ಹೋಮದ ಹೊಗೆ, ಎಂದೆ. “ಗೋಡೆಗೆ ಎಲ್ಲ ಒಂದೇ” ಎಂದ. ಬಿಲ್ಲಿನಲ್ಲೂ ಒಲೆಯ ಮಸಿಗೆ, ಹೋಮದ ಮಸಿಗೆ ಚದರಡಿಗೆ ಒಂದೇ ರೇಟು ಹಾಕಿದ್ದ. ನಾನು ಚೌಕಾಸಿ ಮಾಡಲಿಲ್ಲ.